ರೊಟ್ಟಿ ತಿರುಗುವ ಕಲ್ಲು

ಯಮನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲದೊಳಗಿನ ಸ್ಟೀಲ್ ಡಬ್ಬಿ ಹೊರತೆಗೆದು, ಜೋಳದ ಹಿಟ್ಟಿನ ಮುದ್ದೆಯಿಂದ ಒಂದು ಉಂಡೆ ಮುರಿದುಕೊಂಡಾಗ, ಕಲ್ಲಿನಂಗಡಿಯ ಖಾಜಾ ಈಕೆಗೆ ಹಸಿವಾಗಿರಬೇಕು ಎಂದುಕೊಂಡ.

"ಒಳಗ ಫ್ಯಾನ್ ಕೆಳಗ ಕುಂತು ಊಟ ಮಾಡ್ರಿ ಅಮ್ಮಾ. ಇಲ್ಲಿ ಕಲ್ಲಿನ ಧೂಳ ಹಾರ್ತದ."

"ಊಟಕ್ಕಲ್ಲ ತಮ್ಮಾ. ಆ ಕರೀ ಕಲ್ಲು ಒಂದೀಟು ನೀರ ಹಾಕಿ ತೊಳಸು. ಒಂದು ರೊಟ್ಟಿ ಬಡದು ನೋಡ್ತೀನಿ."

ಕಲಬುರಗಿಯ ಹುಮನಾಬಾದ ರಸ್ತೆಯ ಆ ಅಂಗಡಿಗೆ ಬರುವವರು ಕಲ್ಲನ್ನು ಕಣ್ಣಿನಿಂದ ನೋಡುತ್ತಾರೆ, ಉಗುರಿನಿಂದ ಕೆರೆಯುತ್ತಾರೆ, ಸ್ವಲ್ಪ ಜಾಣರಾದರೆ ನಿಂಬೆಹಣ್ಣು ಹಿಂಡಿ ಕಲೆ ನಿಲ್ಲುತ್ತದೆಯೋ ಇಲ್ಲವೋ ಪರೀಕ್ಷೆ ಮಾಡುತ್ತಾರೆ. ಕಮಲಾಪುರದಿಂದ ಬಸ್ಸು ಹತ್ತಿ ಹಿಟ್ಟಿನ ಡಬ್ಬಿ ಹೊತ್ತು ತಂದ ಗಿರಾಕಿಯನ್ನು ಖಾಜಾ ಈ ಹದಿನೆಂಟು ವರ್ಷದಲ್ಲಿ ಕಂಡಿರಲಿಲ್ಲ. ಆದರೂ ವ್ಯಾಪಾರಿ ಮನುಷ್ಯ, ಬೇಡ ಎನ್ನುವುದು ಅವನ ಬಾಯಿಗೆ ರೂಢಿಯಿಲ್ಲ. ಕತ್ತರಿಸುವ ಮೇಜಿನ ಮೇಲೆ ಮಲಗಿದ್ದ ಕರಿ ಗ್ರಾನೈಟನ್ನು ತೊಳೆಸಿ ಒರೆಸಿ ಕೊಟ್ಟ. ಸೊಸೆ ಮಲ್ಲಿಕಾ ನಾಲ್ಕು ಹೆಜ್ಜೆ ಆಚೆ ಸರಿದು, ತಾನು ಈಕೆಯ ಜೊತೆ ಬಂದವಳೇ ಅಲ್ಲ ಎನ್ನುವಂತೆ ಮೊಬೈಲು ನೋಡತೊಡಗಿದಳು.

ಯಮನಮ್ಮ ಒಣ ಹಿಟ್ಟು ಉದುರಿಸಿ, ಉಂಡೆಯನ್ನು ಇನ್ನೊಮ್ಮೆ ನಾದಿ, ಬಡಿಯತೊಡಗಿದಳು. ಬಲಗೈ ಬಡಿಯಬೇಕು, ಎಡಗೈ ಅಂಚು ಕಾಯಬೇಕು, ರೊಟ್ಟಿ ತನ್ನಷ್ಟಕ್ಕೆ ತಾನು ಸುತ್ತು ತಿರುಗಬೇಕು. ಅಂಗೈಯಗಲ ಆಗುವ ತನಕ ತಿರುಗಿತು. ಆಮೇಲೆ ಕೆಳಗಿನ ಹಿಟ್ಟೆಲ್ಲ ಜಾರಿ ಹೊರಗೆ ಬಂದು, ರೊಟ್ಟಿ ಕಲ್ಲಿಗೆ ಕಚ್ಚಿಕೊಂಡು ಕೂತಿತು. ಎಬ್ಬಿಸಲು ಹೋದರೆ ನಡುವೆ ಹರಿಯಿತು.

"ಇದು ಕನ್ನಡಿ. ಇದರಾಗ ಮಾರಿ ನೋಡ್ಕೋಬಹುದು, ರೊಟ್ಟಿ ಆಗಂಗಿಲ್ಲ," ಎಂದಳು ಯಮನಮ್ಮ.

ಬೂದು ಗ್ರಾನೈಟು ನೋಡಿದ್ದಾಯಿತು, ಕೆಂಪು ಚುಕ್ಕೆಯದು ನೋಡಿದ್ದಾಯಿತು. ಅಂಗಡಿಯ ಆಳುಗಳು ಯಂತ್ರ ನಿಲ್ಲಿಸಿ ಸುತ್ತ ನೆರೆದರು. ಎಲ್ಲದರ ಮೇಲೂ ಅದೇ ಕಥೆ.

ಬೇರೆ ಹೆಂಗಸರು ಇಂಥ ಕಲ್ಲಿನ ಮೇಲೆ ರೊಟ್ಟಿ ಮಾಡುವುದಿಲ್ಲವೇ? ಮಾಡುತ್ತಾರೆ, ಧಾರಾಳವಾಗಿ ಮಾಡುತ್ತಾರೆ. ಆದರೆ ಯಮನಮ್ಮನ ರೊಟ್ಟಿಯ ಮಾತು ಬೇರೆ. ಗಂಡ ತೀರಿಕೊಂಡಾಗಿನಿಂದ ಇಪ್ಪತ್ತಾರು ವರ್ಷ ನೆಲಕ್ಕೆ ಕೂತು, ಮುಂದೆ ಒರಟು ಕಲ್ಲಿಟ್ಟುಕೊಂಡು, ದಿನಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಬಡಿದವಳು. ಅವಳ ರೊಟ್ಟಿ ಹಾಳೆಯಷ್ಟು ತೆಳು, ಹಿಟ್ಟು ನಾದುವ ಪರಾತದಷ್ಟು ಅಗಲ. ಕಲಬುರಗಿಯ ಕೋಟೆಯ ಹಿಂದೆ ಕಸ್ತೂರಿಬಾಯಿ ನಡೆಸುವ ಖಾನಾವಳಿಗೆ ಅವು ದಿನಾ ಬೆಳಗಿನ ಬಸ್ಸಿಗೆ ಹೋಗುತ್ತಿದ್ದವು. ಬುಟ್ಟಿ ಬರುವ ತನಕ ತಾಟು ಮುಂದಿಟ್ಟುಕೊಂಡು ಕಾಯುವ ವಕೀಲರಿದ್ದರು, ಮಾಸ್ತರರಿದ್ದರು. ಅದು ಅವಳ ಹೊಟ್ಟೆಪಾಡು. ಅದೇ ಅವಳ ಜಂಬವೂ ಹೌದು. ಸೊಸೆ ಗ್ಯಾಸಿನ ಮುಂದೆ ನಿಂತು, ಲಟ್ಟಣಿಗೆಯಿಂದ ಅಂಗೈಯಷ್ಟು ರೊಟ್ಟಿ ಲಟ್ಟಿಸುವುದನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಕಟ್ಟೆ ಸರಿಯಿಲ್ಲ, ಕೈಗೆ ಎತ್ತರವಾಗುತ್ತದೆ ಎಂದು ಮಲ್ಲಿಕಾ ಏನಾದರೂ ಸಬೂಬು ಹೇಳಿದರೆ, "ಕುಣೀಲಾಕ ಬರದಾಕಿ ನೆಲ ಡೊಂಕ ಅಂದ್ಳಂತ" ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು.

ಆಡಿಕೊಂಡವರಿಗೂ ಒಂದು ದಿನ ಬರುತ್ತದೆ. ಯಮನಮ್ಮನ ಮೊಣಕಾಲು ಹೋದವು. ಕೂತರೆ ಏಳಲಾಗದು, ಎಬ್ಬಿಸಲು ಇಬ್ಬರು ಬೇಕು. ಕಲಬುರಗಿಯ ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ಮುಂದೆ ನೆಲಕ್ಕೆ ಕೂಡುವ ಮಾತೇ ಇಲ್ಲ ಎಂದುಬಿಟ್ಟರು. ಕೈ ಎರಡೂ ಗಟ್ಟಿಯಿದ್ದವು. ರೊಟ್ಟಿ ಬಡಿಯುವುದು ಕೈಯೇ ಹೊರತು ಕಾಲಲ್ಲವಲ್ಲ ಎಂದು ಅವಳು ಹಳೆಯ ಕಲ್ಲನ್ನು ಎತ್ತಿಸಿ ಅಡುಗೆ ಮನೆಯ ಸಿಮೆಂಟಿನ ಕಟ್ಟೆಯ ಮೇಲಿಡಿಸಿ ನೋಡಿದಳು. ಕಲ್ಲು ಎದೆಮಟ್ಟಕ್ಕೆ ಬಂತು, ಬಡಿದರೆ ಕುಣಿಯಿತು. ಹತ್ತು ದಿನ ಬುಟ್ಟಿ ಹೋಗಲಿಲ್ಲ. ಹನ್ನೊಂದನೆಯ ದಿನ ಕಸ್ತೂರಿಬಾಯಿ ಫೋನು ಮಾಡಿದಳು. "ಮುಂದಿನ ತಿಂಗಳ ಮೊದಲನೇ ಸೋಮವಾರದ ತನಕ ನಿನ್ನ ದಾರಿ ನೋಡ್ತೀನಿ ಯಮನವ್ವಾ. ಆಮ್ಯಾಲ ಮಶೀನ್ ರೊಟ್ಟಿ ತರಸ್ತೀನಿ. ಸಿಟ್ಟಾಗಬ್ಯಾಡ, ನಂದೂ ಹೊಟ್ಟಿ ಅದ."

ಅಂದು ಯಮನಮ್ಮ ಅತ್ತಳು. ಮಗ ಚಂದ್ರಶಾ ಬಸ್ ಡ್ರೈವರು, ಸೊಸೆ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಚೀಟಿ ಮಾಡುವ ಕೌಂಟರಿನಲ್ಲಿ ಕೂಡುತ್ತಾಳೆ, ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ರೊಟ್ಟಿಯ ಯಮನಮ್ಮ ಎಂದು ಊರೆಲ್ಲ ಕರೆಯುವವಳು ರೊಟ್ಟಿ ಬಿಟ್ಟರೆ ಬರೀ ಯಮನಮ್ಮ ಆಗಿ ಉಳಿಯುವುದು ಹೇಗೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ತಾಯಿಯ ಅಳು ನೋಡಲಾಗದೆ ಚಂದ್ರಶಾ, ಹೆಂಗೂ ಅಡುಗೆ ಮನೆ ಹಳೆಯದಾಗಿದೆ, ಕಟ್ಟೆ ಒಡೆದು ಹೊಸದೇ ಕಟ್ಟಿಸೋಣ, ನಿಂತು ಬಡಿ ಎಂದ. ಆರಿಸುವ ಕೆಲಸವನ್ನು ಅತ್ತೆ ಸೊಸೆಯರಿಗೆ ಬಿಟ್ಟು ತಾನು ಹೈದರಾಬಾದಿನ ಗಾಡಿ ಹತ್ತಿ ಜಾಣನಾದ.

ಖಾಜಾನ ಅಂಗಡಿಯ ಕಾಂಪೌಂಡಿನ ಮೂಲೆಯಲ್ಲಿ ಶಹಾಬಾದದ ಫರಶಿಗಳು ಒರಗಿದ್ದವು. ಜಗಲಿಗೆ, ಅಂಗಳಕ್ಕೆ ಹಾಸುವ ಬೂದು ಕಲ್ಲು. ಯಮನಮ್ಮನ ಕಣ್ಣು ಅತ್ತ ಹೋಯಿತು.

"ಅದು ಕೆಳಗ ಹಾಸೋ ಫರಶಿ ಅಮ್ಮಾ. ಅಡಗಿ ಕಟ್ಟೀಗಿ ಈಗ ಯಾರೂ ಹಾಕಂಗಿಲ್ಲ," ಎಂದ ಖಾಜಾ.

"ಯಾರೂ ಹಾಕದಿದ್ರ ನಾ ಹಾಕ್ತೀನಿ. ಮಲಗಸು ಅದನ್ನ."

ಡಬ್ಬಿಯ ಕೊನೆಯ ಉಂಡೆ ಅದರ ಮೇಲೆ ಬಿತ್ತು. ಕಲ್ಲು ಹಿಟ್ಟನ್ನು ಹಿಡಿದುಕೊಂಡಿತು, ರೊಟ್ಟಿಯನ್ನು ಬಿಟ್ಟುಕೊಟ್ಟಿತು. ಅಂಗೈಯಗಲ, ತಾಟಿನಗಲ, ಪರಾತದಗಲ. ರೊಟ್ಟಿ ತಿರುಗಿಯೇ ತಿರುಗಿತು. ನೆರೆದ ಆಳುಗಳಲ್ಲೊಬ್ಬ ತನಗರಿವಿಲ್ಲದೆ "ವ್ಹಾ" ಎಂದ. ಯಮನಮ್ಮ ಎರಡೂ ಅಂಗೈ ಮೇಲೆ ರೊಟ್ಟಿ ಎತ್ತಿ ಹಿಡಿದು ಸೊಸೆಯ ಕಡೆ ನೋಡಿದಳು.

ಮಲ್ಲಿಕಾ ಮೊಬೈಲು ಚೀಲಕ್ಕೆ ಹಾಕಿ ಹತ್ತಿರ ಬಂದಳು. "ಅತ್ತಿ, ಈ ಕಲ್ಲು ಎಣ್ಣಿ ಕುಡೀತದ. ಅರಿಶಿಣ ಬಿದ್ರ ಹೋಗಂಗಿಲ್ಲ. ಡ್ಯೂಟಿ ಮುಗಿಸಿ ಬಂದು ಸಂಜೀಕ ಕಟ್ಟಿ ತಿಕ್ಕಾಕಿ ನಾನು. ನನಗ ಕರೀ ಕಲ್ಲ ಇರ್ಲಿ."

ಸೊಸೆ ಒಮ್ಮೆಲೇ ಇಷ್ಟು ಮಾತಾಡಿದ್ದನ್ನು ಯಮನಮ್ಮ ಮೂರು ವರ್ಷದಲ್ಲಿ ಕೇಳಿರಲಿಲ್ಲ. ಬಾಯಿಗೆ ಬಂದ ಗಾದೆಯನ್ನು ಪರರ ಎದುರು ನುಂಗಿಕೊಂಡಳು. ಖಾಜಾ ನಡುವೆ ಬಂದ. ಅವನ ಮನೆಯಲ್ಲೂ ಅತ್ತೆ ಸೊಸೆ ಇದ್ದರು.

"ಆಧಾ ಆಧಾ ಮಾಡ್ರಿ. ಒಲಿ ಕಡೆ, ತೊಳಿಯೋ ಕಡೆ ಗ್ರಾನೈಟು. ಕಿಡಕಿ ಕಡೆ ಫರಶಿ. ನಡುವ ಎರಡೂ ಕೂಡೋ ಕಡೆ ಒಂದು ಜೋಡು. ದೋನೋ ಖುಷ್."

ಜೋಡಿಸುವ ಕೆಲಸ ಕಮಲಾಪುರದ ದೌಲಪ್ಪನಿಗೆ ಬಂತು. ದೌಲಪ್ಪ ಕಲ್ಲು ಕೂಡಿಸುವುದರಲ್ಲಿ ಹೆಸರಾದವನು, ಆ ಹೆಸರು ಅವನಿಗೂ ಚೆನ್ನಾಗಿ ಗೊತ್ತಿತ್ತು. ಎರಡೂ ಕಲ್ಲನ್ನು ಅಂಗಳದಲ್ಲಿ ಅಕ್ಕಪಕ್ಕ ಇಟ್ಟು ನೋಡಿ, "ಇದು ಒಂದು ಬೆರಳ ದಪ್ಪ, ಅದು ಎರಡು ಬೆರಳ ದಪ್ಪ. ಒಂದು ನುಣುಪು, ಒಂದು ಒರಟ. ಇವೆರಡು ಕೂಡೋ ಪೈಕಿ ಅಲ್ಲ ಯಮನಕ್ಕ. ಆದ್ರ ನಾ ಕೂಡಸ್ತೀನಿ. ಜೋಡು ಎಲ್ಲಿ ಅದ ಅಂತ ಉಗರಿಗೂ ಸಿಗಬಾರದು, ಹಂಗ ಕೂಡಸ್ತೀನಿ," ಎಂದ. ಕಟ್ಟೆಯ ಎತ್ತರಕ್ಕೆ ತಕರಾರು ಬರಲಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಎತ್ತರ. ಅವರಲ್ಲಿ ಹೊಂದಿಕೆಯಾಗುತ್ತಿದ್ದದ್ದು ಅದೊಂದೇ.

ಬುಧವಾರದಿಂದ ಶನಿವಾರದ ತನಕ ಯಂತ್ರದ ಸದ್ದು, ಧೂಳು. ಮೊಣಕಾಲು ನೋವಿನ ಯಮನಮ್ಮನನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂಡಿಸಿದ್ದರು. ಅಂಟು ಒಣಗಲಿ, ಯಾರೂ ಮುಟ್ಟಬಾರದು ಎಂದು ದೌಲಪ್ಪ ಕಟ್ಟೆಗೆ ಗೋಣಿತಾಟು ಹೊದಿಸಿ ಹೋದ. ಕಸ್ತೂರಿಬಾಯಿ ಕೊಟ್ಟ ಅವಧಿಯ ಸೋಮವಾರ ನಾಳೆ ಎನ್ನುವಾಗ, ಭಾನುವಾರ ಬೆಳಿಗ್ಗೆ ಬಂದು, ಮದುಮಗಳ ಮುಸುಕು ತೆಗೆಯುವವನಂತೆ ಗೋಣಿ ಸರಿಸಿದ.

ಕಟ್ಟೆ ಫಳಫಳ ಹೊಳೆಯುತ್ತಿತ್ತು. ಕರಿ ಕಲ್ಲು ಹೊಳೆಯುವುದು ಸರಿ, ಅದರ ಗುಣವೇ ಅದು. ಶಹಾಬಾದ ಕಲ್ಲೂ ಹೊಳೆಯುತ್ತಿತ್ತು. ಕಿಟಕಿಯ ಸರಳುಗಳು ಅದರಲ್ಲಿ ಒಂದೊಂದಾಗಿ ಎಣಿಸುವಂತೆ ಕಾಣುತ್ತಿದ್ದವು.

"ಜೋಡಿನ ಹತ್ತರ ಫರಶಿ ಉಗರಿನಷ್ಟ ಎದ್ದಿತ್ತು. ಅಷ್ಟ ತಿಕ್ಕಿದ್ರ ಉಳಿದದ್ದು ಮಂಕ ಕಾಣ್ತದ ಅಂತ ಪೂರಾ ಪಾಲಿಶ್ ಹೊಡದೀನಿ," ಎಂದ ದೌಲಪ್ಪ ಮೀಸೆಯಲ್ಲೇ ನಗುತ್ತ. "ಪುಕಟ ಹೊಡದೀನಿ. ಮನಿ ಮಂದಿ ಅಂತ."

ಯಮನಮ್ಮ ಫರಶಿಯ ಮೇಲೆ ಅಂಗೈ ಸವರಿ ನೋಡಿದಳು. ಹಿಟ್ಟು ನಾದಿ ಒಂದು ರೊಟ್ಟಿ ಬಡಿದಳು. ಅಂಗೈಯಗಲ ಆಗಿ ಕಚ್ಚಿಕೊಂಡಿತು. ಇನ್ನೊಂದು ಬಡಿದಳು, ಹಿಟ್ಟು ಜಾಸ್ತಿ ಹಾಕಿದಳು. ಅದೂ ಹರಿಯಿತು. ಮೂರನೆಯದೂ ಕಚ್ಚಿತು.

"ಕುಣೀಲಾಕ ಬರದಾಕಿ ನೆಲ ಡೊಂಕ ಅಂದ್ಳಂತ," ಎಂದು ನಗೆಯಾಡಿದ ದೌಲಪ್ಪ. ಅವನಿಗೆ ಇನ್ನೂ ವಿಷಯ ತಿಳಿದಿರಲಿಲ್ಲ.

ಆ ಗಾದೆ ತಿರುಗಿ ಬಂದು ತನಗೇ ಬಡಿದಾಗ ಎಷ್ಟು ಉರಿಯುತ್ತದೆ ಎಂದು ಯಮನಮ್ಮನಿಗೆ ಅಂದು ಗೊತ್ತಾಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದಳು. "ನನ್ನ ರೊಟ್ಟಿ ತಗದಿ ದೌಲಪ್ಪಾ," ಎಂದಳು. "ಆ ಕಲ್ಲು ತಂದದ್ದೇ ಅದರ ಒರಟಿಗಿ."

ದೌಲಪ್ಪನ ಮುಖ ಸಣ್ಣದಾಯಿತು. ಒಳ್ಳೆಯದು ಮಾಡಲು ಹೋಗಿ ಕೆಟ್ಟವನಾದ ಮನುಷ್ಯನಿಗೆ ಬೈಗುಳವಾದರೂ ಸಿಕ್ಕರೆ ಸಮಾಧಾನ; ಯಮನಮ್ಮ ಬೈಯಲೂ ಇಲ್ಲ. ಕಲ್ಲು ಎಬ್ಬಿಸಿದರೆ ಅಂಟು ಬಿಡುವುದಿಲ್ಲ, ಎರಡೂ ಒಡೆಯುತ್ತವೆ ಎಂದ. ಯಂತ್ರ ಹಚ್ಚಿ ಒರಟು ಮಾಡಿದರೆ ಗೆರೆ ಬೀಳುತ್ತದೆ, ಹಿಟ್ಟು ಸಿಕ್ಕಿಕೊಳ್ಳುತ್ತದೆ ಎಂದ. ಎರಡನ್ನೂ ಒಡೆದು ಬೇರೆ ಕಲ್ಲು ತಂದು ಕೂಡಿಸಿಕೊಡುತ್ತೇನೆ, ಎಂಟು ದಿನ ಬೇಕು ಎಂದ. ಹಳೆಯ ಕಲ್ಲನ್ನು ಮೇಲಿಟ್ಟರೆ ಮತ್ತೆ ಎತ್ತರ, ಮತ್ತೆ ಕುಣಿತ. ಅವರ ಹತ್ತಿರ ಇದ್ದದ್ದು ಒಂದು ದಿನ.

ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾ ಆಗ ಒಳಗೆ ಬಂದಳು. ಕಟ್ಟೆಯ ಮೇಲೆ ಬಾಗಿ, ಬೆರಳ ಗಿಣ್ಣಿನಿಂದ ಕಲ್ಲನ್ನು ಅಲ್ಲಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳಿದಳು.

"ಅಣ್ಣಾ, ಇದರ ಕೆಳಗ ಪೊಳ್ಳ ಬಿಟ್ಟೀರೇನು?"

"ಇಲ್ಲವ್ವ. ರೊಟ್ಟಿ ಬಡಿಯೋ ಜಾಗ ಅಂತ ಪೂರಾ ಇಟ್ಟಂಗಿ ಕಟ್ಟಿ ಗಚ್ಚು ತುಂಬೀನಿ."

"ಹಂಗಾದ್ರ ಕಲ್ಲ ತಡೀತದ," ಎಂದು ಮಲ್ಲಿಕಾ ತನ್ನ ಕೋಣೆಗೆ ಹೋದಳು. ಟ್ರಂಕಿನ ಸದ್ದಾಯಿತು. ಬರುವಾಗ ಕೈಯಲ್ಲೊಂದು ಗಂಟಿತ್ತು. ಕೆಂಪು ಬಟ್ಟೆಯ ಆ ಗಂಟನ್ನು ಯಮನಮ್ಮ ಬಲ್ಲಳು. ಮದುವೆಯ ಹೊಸದರಲ್ಲಿ ಟ್ರಂಕು ಸರಿಸುವಾಗ ಎತ್ತಿ ನೋಡಿ, ಇಷ್ಟು ತೂಕವಿದೆ ಎಂದರೆ ಬೀಗತಿ ಮಗಳಿಗೆ ಗುಟ್ಟಾಗಿ ಬೆಳ್ಳಿ ಕೊಟ್ಟಿರಬೇಕು ಎಂದು ಲೆಕ್ಕ ಹಾಕಿ, ಮೂರು ವರ್ಷದಿಂದ ಅದರ ಬಗ್ಗೆ ಒಳಗೊಳಗೇ ಕುದಿಯುತ್ತಿದ್ದಳು. ಗಂಟು ಬಿಚ್ಚಿದಾಗ ಹೊರಬಂದದ್ದು ಮೂರು ಗಿಡ್ಡ ಉಳಿ, ಒಂದು ಸಣ್ಣ ಸುತ್ತಿಗೆ. ಸುತ್ತಿಗೆಯ ಹಿಡಿ ಯಾರದೋ ಕೈಗೆ ಸವೆದು ನಡುವೆ ಸಣ್ಣಗಾಗಿತ್ತು.

"ಏನಿದು?" ಎಂದಳು ಯಮನಮ್ಮ.

"ಬೀಸೋ ಕಲ್ಲಿಗಿ ಮುಳ್ಳ ಹೊಡಿಯೋ ಸಾಮಾನ. ನಮ್ಮವ್ವಂದು."

ಕಲ್ಲು ಬೀಸಿ ಬೀಸಿ ನುಣುಪಾದಾಗ ಉಳಿಯಿಂದ ಸಣ್ಣ ಸಣ್ಣ ಗುಂಡಿ ಮಾಡಿ ಅದಕ್ಕೆ ಮತ್ತೆ ಹಲ್ಲು ಬರಿಸುವ ಕೆಲಸ ಅದು. ಮಲ್ಲಿಕಾ ಕಟ್ಟೆಯ ಮುಂದೆ ನಿಂತಳು. ಕಲ್ಲಿನ ಮೇಲೆ ನೀರು ಚಿಮುಕಿಸಿದಳು, ಉಳಿಯನ್ನು ಓರೆಯಾಗಿ ಹಿಡಿದಳು, ಟಕ್ ಎಂದು ಹೊಡೆದಳು. ದೌಲಪ್ಪ ಎರಡೂ ಕೈ ಚಾಚಿ ಓಡಿಬಂದ.

"ಏ ತಂಗೀ, ಒಂದು ಏಟ ತಪ್ಪಿದ್ರ ಜೋಡು ಹೋಗ್ತದ. ಕಲ್ಲ ಬಿರಕ ಬಿಡ್ತದ."

"ಜೋಡಿನ ತನಕ ಬರಂಗಿಲ್ಲ ಅಣ್ಣಾ. ನಾಕು ಬೆರಳ ಬಿಟ್ಟು ನಿಲ್ತೀನಿ." ಮಲ್ಲಿಕಾ ಅವನ ಕಡೆ ತಿರುಗಲಿಲ್ಲ. ಅತ್ತೆಯ ಕಡೆ ತಿರುಗಿದಳು. "ಹೊಡೀಲೇನ್ರಿ ಅತ್ತಿ? ನೀವು ಬ್ಯಾಡ ಅಂದ್ರ ಬಿಡ್ತೀನಿ."

ಬೇಡ ಎಂದರೆ ರೊಟ್ಟಿ ಹೋಗುತ್ತದೆ. ಹೂಂ ಎಂದು ಕಲ್ಲು ಒಡೆದರೆ ರೊಟ್ಟಿಯೂ ಹೋಗುತ್ತದೆ, ಕಟ್ಟೆಯೂ ಹೋಗುತ್ತದೆ. ಯಮನಮ್ಮ ಸೊಸೆಯ ಕೈ ನೋಡಿದಳು. ಲಟ್ಟಣಿಗೆ ಹಿಡಿದಾಗ ಪರದೇಶಿಯಂತೆ ಕಾಣುತ್ತಿದ್ದ ಕೈ, ಉಳಿ ಹಿಡಿದಾಗ ಮನೆಗೆ ಬಂದು ಕೂತಂತೆ ಕೂತಿತ್ತು. ಕೈಯನ್ನು ಓದುವುದು ಕೈಯ ಕೆಲಸದವಳಿಗೆ ಬಾರದ ವಿದ್ಯೆಯೇ?

"ಹೊಡಿ," ಎಂದಳು.

ಟಕ್, ಟಕ್, ಟಕ್. ಸಾಸಿವೆಯಷ್ಟು ಸಣ್ಣ ಗುಂಡಿಗಳು, ಸಾಲು ಸಾಲಾಗಿ. ಗೋಡೆಯ ಕಡೆಯಿಂದ ಶುರುವಾಗಿ ಮೆಲ್ಲಗೆ ಮುಂದೆ ಬರುತ್ತಿದ್ದವು. ಗಂಟೆ ಒಂದಾಯಿತು, ಎರಡಾಯಿತು. ಹೊಳಪು ಹೋದ ಕಡೆ ಕಲ್ಲು ಮತ್ತೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ದೌಲಪ್ಪ ಮೊದಮೊದಲು ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಹತ್ತಿರ ಬಂದು, ಆಮೇಲೆ ಬಾಗಿ, ಕೊನೆಗೆ ಪಕ್ಕದಲ್ಲಿ ನಿಂತು ಪುಡಿ ಊದತೊಡಗಿದ.

"ನಿಮ್ಮವ್ವ ಎಲ್ಲಿ ಕಲತಿದ್ಳು?" ಎಂದು ಯಮನಮ್ಮ ಕೇಳಿದಳು.

"ಅಪ್ಪ ಬಿಟ್ಟು ಹೋದ ಮ್ಯಾಲ ಒಬ್ಬಾಕಿ ಮುದುಕಿ ಕಲಸಿದ್ಳಂತ. ಅವ್ವ ತಾಜಸುಲ್ತಾನಪುರದಿಂದ ಹಿಡದು ಸುತ್ತ ಹಳ್ಳಿ ಎಲ್ಲಾ ತಿರಗ್ತಿದ್ಳು. ಸಾಲಿ ಸೂಟಿ ಇದ್ದಾಗ ನಾನೂ ಹೋಗ್ತಿದ್ದೆ. ಆಕಿ ದೊಡ್ಡ ಕಲ್ಲ, ನಾ ಸಣ್ಣ ಕಲ್ಲ." ಟಕ್, ಟಕ್. "ಮಿಕ್ಸರ ಬಂದು ಕೆಲಸ ನಿಂತ್ವು. ನಿನಗ ಸಾಲಿ ಕಲಸಿದ್ದು ಈ ಉಳಿಗಳೇ, ಇಟ್ಕೋ ಅಂತ ಕೊಟ್ಳು."

"ಲಗ್ನದ ಮಾತಿನಾಗ ನಮಗ ಹೊಲಮನಿ ಅದ ಅಂತ ಹೇಳಿದ್ರಲ್ಲ ನಿಮ್ಮ ಕಾಕಾ."

"ಖರೇ ಹೇಳಿದ್ರ ನೀವು ಮಾಡ್ಕೋತಿದ್ದಿಲ್ಲ."

ಯಮನಮ್ಮ ಇಲ್ಲ ಎನ್ನಲು ಬಾಯಿ ತೆರೆದಳು. ಸುಳ್ಳು ಬಾಯಿಗೆ ಬರಲಿಲ್ಲ. ಕಲ್ಲಿಗೆ ಮುಳ್ಳು ಹೊಡಿಸ್ತೀರೇನ್ರಿ ಎಂದು ಕೂಗುತ್ತ ಬರುವ ಹೆಂಗಸರನ್ನು ಅವಳೂ ಎಷ್ಟೋ ಸಲ ಕರೆದಿದ್ದಳು. ಹೊಸ್ತಿಲ ಹೊರಗೆ ಬಿಸಿಲಲ್ಲಿ ಕೂಡಿಸಿ ಕೆಲಸ ಮಾಡಿಸಿಕೊಂಡಿದ್ದಳು, ನಿನ್ನೆಯ ರೊಟ್ಟಿ ಕೈಗೆ ಹಾಕಿ ಕಳಿಸಿದ್ದಳು. ಅವರ ಪಕ್ಕ ಕೂತ ಸಣ್ಣ ಹುಡುಗಿಯರೂ ಇದ್ದರು. ಅವರ ಮುಖ ಈಗ ನೆನಪಿಗೆ ಬಾರದು.

ಜೋಡಿಗೆ ನಾಲ್ಕು ಬೆರಳು ಇರುವಾಗ ಮಲ್ಲಿಕಾ ಸುತ್ತಿಗೆ ಕೆಳಗಿಟ್ಟಳು. ಕಲ್ಲು ಒಡೆದಿರಲಿಲ್ಲ. ಇಟ್ಟಂಗಿ ಚೂರಿನಿಂದ ಚೂಪೆಲ್ಲ ತಿಕ್ಕಿ, ಐದಾರು ಕೊಡ ನೀರು ಸುರಿದು ತೊಳೆದಳು. ಬಿಸಿಲು ಕಿಟಕಿಯಿಂದ ಇಳಿದು ಕಟ್ಟೆ ಒಣಗಿತು.

"ಮೊದಲಿನ ಎರಡು ರೊಟ್ಟಿ ತಿನ್ನಬಾರದು ಅತ್ತಿ, ಕಲ್ಲಿನ ಪುಡಿ ಇರ್ತದ. ಮೂರನೇದು ನೋಡ್ರಿ."

ಯಮನಮ್ಮ ಎದ್ದು ನಿಂತಳು. ಕಟ್ಟೆ ಅವಳ ಸೊಂಟಕ್ಕೆ ಸರಿಯಾಗಿ ಬಂತು. ಮೊದಲನೆಯದು ಕಲ್ಲಿನ ಪುಡಿ ಎತ್ತಿಕೊಂಡು ಬೂದು ಬಣ್ಣವಾಯಿತು, ಎರಡನೆಯದು ಅರ್ಧ ತಿರುಗಿ ಬಿರಿಯಿತು. ಮೂರನೆಯ ಉಂಡೆ ಇಟ್ಟು ಬಡಿಯತೊಡಗಿದಳು. ಅಂಗೈಯಗಲ. ತಾಟಿನಗಲ. ರೊಟ್ಟಿ ತಿರುಗಿತು, ಮತ್ತೂ ತಿರುಗಿತು, ಪರಾತದಗಲ ಆಗಿ ಅಂಚು ಒಂದೆಡೆಯೂ ಬಿರಿಯದೆ ನಿಂತಿತು. ಅದನ್ನು ಎತ್ತಿ ಹಂಚಿನ ಮೇಲೆ ಹಾಕುವಾಗ ಅವಳ ಕಣ್ಣು ತುಂಬಿ ಹಂಚು ಮಸುಕಾಗಿ ಕಂಡಿತು.

ದೌಲಪ್ಪ ತನ್ನ ಜೋಡಿನ ಮೇಲೆ ಒಮ್ಮೆ ಉಗುರು ಎಳೆದು ನೋಡಿ, "ಜೋಡು ನಂದು, ಕಲ್ಲ ನಿಂದು ತಂಗಿ," ಎಂದು ಸಾಮಾನು ಕಟ್ಟಿದ. ಬಿಸಿ ರೊಟ್ಟಿ ತಿನ್ನಿಸದೆ ಅವನನ್ನು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಏಳರ ಹೊತ್ತಿಗೆ ನೂರು ರೊಟ್ಟಿ ಬುಟ್ಟಿಯಲ್ಲಿದ್ದವು. ನಡುನಡುವೆ ಎತ್ತರದ ಸ್ಟೂಲಿಗೆ ಒರಗಿ ಕಾಲಿಗೆ ವಿಶ್ರಾಂತಿ ಕೊಟ್ಟರೂ ಯಮನಮ್ಮನ ಬೆನ್ನು ಹಿಡಿದಿತ್ತು. ಅದು ರೂಢಿಯಾಗುವ ನೋವು ಎಂದು ಅವಳಿಗೆ ಗೊತ್ತಿತ್ತು. ಮಲ್ಲಿಕಾ ಡ್ಯೂಟಿಯ ಸೀರೆಯುಟ್ಟು, ಚೀಲ ಹೆಗಲಿಗೇರಿಸಿ, ಎಡಗೈಯಲ್ಲಿ ಬುಟ್ಟಿ ಎತ್ತಿದಳು. ಅದೇ ಬಸ್ಸಿಗೆ ಅವಳೇ ಒಯ್ದು ಕಸ್ತೂರಿಬಾಯಿಗೆ ಮುಟ್ಟಿಸುವುದೆಂದು ಮಾತಾಗಿತ್ತು.

"ಉಂಡೇನು?"

"ಅಲ್ಲೇ ಏನರ ತಿಂತೀನಿ ಅತ್ತಿ."

"ಬಲಗೈ ತೋರಸು."

ಮಲ್ಲಿಕಾ ಕೈ ಹಿಂದೆ ಮಾಡಿದಳು. ಯಮನಮ್ಮ ಹಿಡಿದೆಳೆದು ಅಂಗೈ ಬಿಡಿಸಿದಳು. ಹೆಬ್ಬೆರಳ ಬುಡದಲ್ಲಿ, ನಾಲ್ಕೂ ಬೆರಳ ಸಂದಿನಲ್ಲಿ ಬೊಕ್ಕೆ ಎದ್ದು ಎರಡು ಒಡೆದಿದ್ದವು. ತುತ್ತು ಮುರಿಯುವುದಿರಲಿ, ಅದು ಚಮಚ ಹಿಡಿಯುವ ಕೈಯೂ ಆಗಿರಲಿಲ್ಲ. ಯಮನಮ್ಮ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಮೇಲಿನದನ್ನು ಬಿಟ್ಟು ನಡುವಿನ ಮೆತ್ತಗಿನ ಬಿಸಿ ರೊಟ್ಟಿ ಎಳೆದುಕೊಂಡಳು. ಬೆಣ್ಣೆ ಸವರಿ, ಪುಂಡಿ ಪಲ್ಯ ಇಟ್ಟು, ತುತ್ತು ಮಾಡಿ ಸೊಸೆಯ ಬಾಯಿಯ ಹತ್ತಿರ ಹಿಡಿದಳು.

ಮಲ್ಲಿಕಾ ಹೊಸ್ತಿಲ ಕಡೆ ನೋಡಿದಳು, ಬುಟ್ಟಿಯ ಕಡೆ ನೋಡಿದಳು, ಆಮೇಲೆ ಬಾಯಿ ತೆರೆದಳು.

"ಐತವಾರ ನಿಮ್ಮವ್ವಗ ಕರಕೊಂಡ ಬಾ. ಬಂದು ಕಲ್ಲ ನೋಡ್ಲಿ."

ಮಲ್ಲಿಕಾಗೆ ಮಾತಾಡಲು ಬಾಯಿ ಖಾಲಿಯಿರಲಿಲ್ಲ. ಸ್ಟ್ಯಾಂಡಿನ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು. ಅವಳು ಕಣ್ಣಿನಿಂದಲೇ ಬಸ್ಸು ಎಂದಳು.

"ನಿಂದರ್ತದ. ಇನ್ನೊಂದು ತಗೋ," ಎಂದು ಯಮನಮ್ಮ ರೊಟ್ಟಿಯ ಇನ್ನೊಂದು ಅಂಚು ಮುರಿದಳು.